ಅಟ್ಟದಲ್ಲಿ ಹಳೇ ಸೋಲಾರ್ ಕುಕ್ಕರ್ ಸಿಕ್ಕಿದೆ: ರಿಪೇರಿ ಮಾಡಿಸೋದಾ, ಗುಜರಿಗೆ ಹಾಕೋದಾ?

ಕುಕ್ಕರಹಳ್ಳಿ_ದಂಡೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಅತ್ತೆಯವರ ಕಾಲದ ಸೋಲಾರ್ ಕುಕ್ಕರ್ ಹೊರಗೆ ಬಂತು. ಸೂಟ್‌ಕೇಸ್ ತರಹದ ಪೆಟ್ಟಿಗೆ. ಮೇಲಿನ ಮುಚ್ಚಳದ ಒಳಗಡೆ ಕನ್ನಡಿ, ಅದರ ಕೆಳಗೆ ಎರಡು ಗಾಜಿನ ಇನ್ನೊಂದು ಬಾಗಿಲು, ಒಳಗೆ ಕಪ್ಪು ತಟ್ಟೆ. ನಾಲ್ಕು ಡಬ್ಬಿಗಳಲ್ಲಿ ಮೂರು ಉಳಿದಿವೆ. ಕನ್ನಡಿಯ ಒಂದು ಮೂಲೆಯಲ್ಲಿ ರಸ ಹೋಗಿದೆ. ರಬ್ಬರ್ ಪಟ್ಟಿ ಮುಟ್ಟಿದರೆ ಪುಡಿ ಪುಡಿ.

ಇದರಲ್ಲಿ ಬೇಳೆ ಬೆಣ್ಣೆ ಹಾಗೆ ಬೇಯುತ್ತಿತ್ತು ಅಂತ ಅತ್ತೆ ಹೇಳುತ್ತಾರೆ. ಅವರ ಮಗ, ಅಂದರೆ ನಮ್ಮ ಯಜಮಾನರು, ಭಾನುವಾರ ಮೂರು ಗಂಟೆಗೆ ಗಟ್ಟಿ ಬೇಳೆ ಹುಳಿ ತಿಂದಿದ್ದನ್ನು ಇವತ್ತಿಗೂ ಮರೆತಿಲ್ಲ. ಇಬ್ಬರಲ್ಲಿ ಯಾರ ಮಾತು ನಂಬಲಿ? ಯಾರಾದರೂ ಈಗಲೂ ಬಳಸುತ್ತಿದ್ದೀರಾ? ನಾವು ಮನೆಯಲ್ಲಿ ಮೂರೇ ಜನ. ಯಜಮಾನರು ರಿಟೈರ್ ಆಗಿದ್ದಾರೆ. ತಾರಸಿ ನಮ್ಮದೇ.

ಇಂಡಕ್ಷನ್_ಸಾಕು
ಗುಜರಿಗೆ ಹಾಕಿ ಮೇಡಂ. ಅಲ್ಯೂಮಿನಿಯಂಗೆ ಒಳ್ಳೆ ರೇಟ್ ಇದೆ.

ಕೋಟೆಬಿಸಿಲು
ದಯವಿಟ್ಟು ಹಾಕಬೇಡಿ ಅಕ್ಕ! ನಾನು ಚಿತ್ರದುರ್ಗದಿಂದ. ನಮ್ಮ ಮನೆಯಲ್ಲಿ ಇಂಥದ್ದೇ ಪೆಟ್ಟಿಗೆ ವರ್ಷಗಳಿಂದ ನಡೆಯುತ್ತಿದೆ. ಅದರಲ್ಲಿ ಕೆಡುವ ಭಾಗಗಳೇ ಕಡಿಮೆ. ಮೋಟರ್ ಇಲ್ಲ, ವೈರ್ ಇಲ್ಲ.

ಮೊದಲು ಗಾಜು ನೋಡಿ. ಎರಡು ಗಾಜಿನ ನಡುವೆ ಬೆರಳು ದಪ್ಪದ ಸಂದು ಇರುತ್ತದೆ. ಶಾಖ ಹಿಡಿದಿಡುವುದು ಆ ಸಂದಿನ ಗಾಳಿಯೇ. ಒಂದು ಗಾಜು ಒಡೆದಿದ್ದರೂ ಪೆಟ್ಟಿಗೆ ಬಿಸಿಯಾಗುತ್ತದೆ, ಆದರೆ ಬೇಯಿಸುವಷ್ಟು ಆಗುವುದಿಲ್ಲ. ಹೊಸದು ಹಾಕಿಸುವುದಾದರೆ ಟಫನ್ಡ್ ಗಾಜು (ಬಿಸಿ ತಡೆಯುವ ಹಾಗೆ ಗಟ್ಟಿ ಮಾಡಿದ್ದು) ಅಂತಲೇ ಕೇಳಿ. ಕಿಟಕಿ ಗಾಜು ಹಾಕಿಸಿದರೆ ಬಿಸಿ ಏರಿದಾಗ ನಾಲ್ಕು ಹನಿ ಮಳೆ ಬಿದ್ದರೂ ಟಪ್ ಅಂತ ಸೀಳುತ್ತದೆ.

ರಬ್ಬರ್ ಪಟ್ಟಿಗೆ ಕಾರಿನ ಬಾಗಿಲಿಗೆ ಹಾಕುವ ಬೀಡಿಂಗ್ ಸಾಕು, ಆಟೊಮೊಬೈಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೂಲೆಗಳಲ್ಲಿ ಕತ್ತರಿಸಬೇಡಿ, ಬಗ್ಗಿಸಿ ಅಂಟಿಸಿ. ಕತ್ತರಿಸಿದ ಜಾಗದಿಂದಲೇ ಬಿಸಿ ಗಾಳಿ ಸೋರುವುದು. ಒಂದು ಊದುಬತ್ತಿ ಹಚ್ಚಿ ಬಿಸಿಯಾದ ಪೆಟ್ಟಿಗೆಯ ಸುತ್ತ ಹಿಡಿದರೆ ಎಲ್ಲಿ ಹೊಗೆ ಅಲುಗುತ್ತದೋ ಅಲ್ಲಿ ಸೋರಿಕೆ ಇದೆ ಅಂತ ಅರ್ಥ.

ಒಳಗಿನ ತಟ್ಟೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬೇಕು. ಶಾಲೆಯ ಕರಿಹಲಗೆಗೆ ಬಳಿಯುತ್ತಾರಲ್ಲ, ಅದು. ಡಬ್ಬಿಗಳ ಹೊರಮೈಗೂ ಅದೇ. ಒಳಮೈಗೆ ಮಾತ್ರ ಒಂದು ತೊಟ್ಟೂ ತಾಗಬಾರದು. ಬಣ್ಣ ಬಳಿದ ಮೇಲೆ ಕೆಲವು ದಿನ ಖಾಲಿ ಪೆಟ್ಟಿಗೆಯನ್ನೇ ಬಿಸಿಲಿಗಿಡಿ, ವಾಸನೆ ಪೂರ್ತಿ ಹೋಗಲಿ. ನಾಲ್ಕನೇ ಡಬ್ಬಿಗೆ ಅಂಗಡಿ ಸುತ್ತಬೇಡಿ. ಅಗಲವಾದ, ಗಿಡ್ಡ, ತೆಳು ಡಬ್ಬಿ ಯಾವುದಾದರೂ ಆಗುತ್ತದೆ, ಗಾಜಿನ ಬಾಗಿಲಿಗೆ ತಾಗದಿದ್ದರೆ ಸರಿ. ಸೌದೆ ಒಲೆ ಕಂಡ ಹಳೇ ಪಾತ್ರೆ ಇದ್ದರೆ ಇನ್ನೂ ಒಳ್ಳೆಯದು. ತಳದ ಮಸಿ ಉಜ್ಜದೆ ಹಾಗೇ ಬಳಸಿ.

ಪೆಟ್ಟಿಗೆಯ ಗೋಡೆಯೊಳಗೆ ಶಾಖ ತಡೆಯಲು ಹತ್ತಿಯಂಥ ಗಾಜಿನ ಎಳೆ, ಅಂದರೆ ಗ್ಲಾಸ್‌ವೂಲ್ ಇರುತ್ತದೆ. ನೀರು ಹೋಗಿ ಮುದ್ದೆಯಾಗಿದ್ದರೆ ಬದಲಿಸಲೇಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಮೈಯೆಲ್ಲ ನವೆ. ಮೂಗಿಗೂ ಬಟ್ಟೆ ಕಟ್ಟಿಕೊಳ್ಳಿ.

ಭೌತಮೇಷ್ಟ್ರು_ಧಾರವಾಡ
ಅತ್ತೆ ಹೇಳೋದೂ ಖರೆ, ಮಗ ಹೇಳೋದೂ ಖರೆ. ಒಂದು ಲೆಕ್ಕ ನೋಡಿ.

ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರ್‌ಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ನಿಮ್ಮ ಪೆಟ್ಟಿಗೆಯ ಗಾಜು ಹೆಚ್ಚುಕಡಿಮೆ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಅಂದರೆ ಕಾಲು ಚದರ ಮೀಟರ್, 250 ವಾಟ್. ಕನ್ನಡಿ ಇನ್ನೊಂದಿಷ್ಟು ಸೇರಿಸುತ್ತದೆ. ಗಾಜಿನಲ್ಲಿ, ಗೋಡೆಯಲ್ಲಿ ಹೋಗುವುದನ್ನು ಕಳೆದರೆ ಪಾತ್ರೆಗೆ ಸೇರುವುದು 100 ವಾಟ್‌ನ ಆಸುಪಾಸು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 95ಕ್ಕೆ ಏರಿಸಲು ಸುಮಾರು 294 ಕಿಲೋಜೂಲ್ ಬೇಕು. 100 ವಾಟ್‌ನಲ್ಲಿ ಅದಕ್ಕೆ 50 ನಿಮಿಷ. ಮೂರು ಲೀಟರ್ ಸಾಮಾನು ತುಂಬಿದರೆ ಬಿಸಿಯಾಗಲಿಕ್ಕೇ ಎರಡೂವರೆ ಗಂಟೆ. ಬೇಯೋದು ಆಮೇಲೆ!

ಹತ್ತಕ್ಕೆ ಇಟ್ಟವರ ಬೇಳೆ ಒಂದಕ್ಕೆ ಬೆಣ್ಣೆ. ಭಾನುವಾರ ಎಣ್ಣೆಸ್ನಾನ ಮುಗಿಸಿ ಹನ್ನೆರಡಕ್ಕೆ ಇಟ್ಟವರದು ಮೂರಕ್ಕೂ ಕಲ್ಲು.

ಖಾಲಿ ಪೆಟ್ಟಿಗೆ 120–140 ಡಿಗ್ರಿವರೆಗೂ ಹೋಗುತ್ತದೆ. ಆದರೆ ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ಅಡುಗೆ ಕುದಿಬಿಂದು ದಾಟುವುದಿಲ್ಲ. ಮೈಸೂರಿನ ಎತ್ತರಕ್ಕೆ ಅದು 97 ಚಿಲ್ಲರೆ. ಪ್ರೆಷರ್ ಕುಕ್ಕರ್ ಒಳಗೆ ಸುಮಾರು 120. ಇವೆರಡನ್ನೂ ಹೋಲಿಸಿ ಬೇಜಾರಾಗೋದರಲ್ಲಿ ಅರ್ಥ ಇಲ್ಲ.

ಕುಕ್ಕರಹಳ್ಳಿ_ದಂಡೆ
ಮೇಷ್ಟ್ರೇ, ಇದನ್ನು ಓದಿ ಹೇಳಿದೆ. ಅತ್ತೆ ನಕ್ಕುಬಿಟ್ಟರು. "ಭಾನುವಾರ ತಡ ಆಗ್ತಿತ್ತು, ನಿಜ" ಅಂದರು. ಯಜಮಾನರು ಗಾಜಿನ ಅಂಗಡಿಗೆ ಹೊರಟಿದ್ದಾರೆ. ಸರಿ, ಏನೇನು ಮಾಡಬಹುದು ಹೇಳಿ. ಅನ್ನಕ್ಕೆ ನೀರಿನ ಅಳತೆ ಎಷ್ಟು?

ಕೋಟೆಬಿಸಿಲು
ನಮ್ಮ ಮನೆ ಪದ್ಧತಿ ಹೇಳುತ್ತೇನೆ. ಒಂಬತ್ತೂವರೆಗೆ ಖಾಲಿ ಪೆಟ್ಟಿಗೆ ತಾರಸಿಗೆ. ಹತ್ತೂಕಾಲಿಗೆ ಡಬ್ಬಿಗಳು ಒಳಗೆ. ತೊಗರಿಬೇಳೆ ಒಂದು ಗಂಟೆ ನೆನೆದಿರಬೇಕು, ಜೊತೆಗೆ ಚಿಟಿಕೆ ಅರಿಶಿನ, ಒಂದು ಹನಿ ಎಣ್ಣೆ. ಉಪ್ಪು, ಹುಣಸೆಹುಳಿ, ಟೊಮೆಟೊ ಯಾವುದೂ ಈಗ ಬೇಡ. ಹುಳಿ ಬಿದ್ದ ಬೇಳೆ ಕಾಳು ಕಾಳಾಗಿಯೇ ಉಳಿಯುತ್ತದೆ. ಬೋರ್‌ವೆಲ್ ಗಡಸು ನೀರೂ ಅಷ್ಟೇ, ಕುಡಿಯುವ ನೀರನ್ನೇ ಹಾಕಿ.

ಅಕ್ಕಿ ಹನ್ನೊಂದಕ್ಕೆ ಇಟ್ಟರೂ ನಡೆಯುತ್ತದೆ. ಆವಿ ಹೆಚ್ಚು ಹೋಗುವುದಿಲ್ಲ, ಹಾಗಾಗಿ ಗ್ಯಾಸ್ ಮೇಲೆ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ ನೀರು ಸಾಕು. ಸೋನಾ ಮಸೂರಿಗೆ ಒಂದಕ್ಕೆ ಎರಡರ ಒಳಗೇ ಇಡಿ. ಹೊಸ ಅಕ್ಕಿಯಾದರೆ ಒಂದೂವರೆ ನೋಡಿ.

ಪಲ್ಯದ ತರಕಾರಿಗೆ ನೀರೇ ಬೇಡ. ಸೋರೆಕಾಯಿ, ಕುಂಬಳಕಾಯಿ, ಸೀಮೆಬದನೆ ತಮ್ಮ ನೀರಲ್ಲೇ ಬೇಯುತ್ತವೆ. ಸೊಪ್ಪನ್ನು ಮಾತ್ರ ಜಾಸ್ತಿ ಹೊತ್ತು ಬಿಡಬೇಡಿ, ಬಣ್ಣ ಕೆಟ್ಟು ಹಸಿರು ಹೋಗಿ ಕಂದಾಗುತ್ತದೆ.

ನಡುವೆ ಇಣುಕಬಾರದು. ಒಂದು ಸಲ ಬಾಗಿಲು ತೆಗೆದರೆ ಕಾಲು ಗಂಟೆ ಹೋಯಿತು ಅಂತ ಲೆಕ್ಕ. ಬೆಂದಿದೆಯೋ ಇಲ್ಲವೋ ಗಾಜಿನ ಮೇಲಿಂದಲೇ ಗೊತ್ತಾಗುತ್ತದೆ. ಮೊದಲು ಒಳಗಾಜಿಗೆ ಮಂಜು ಹಿಡಿಯುತ್ತದೆ. ಆಮೇಲೆ ಹನಿ ಕಟ್ಟಿ ಅಂಚಿಗೆ ಇಳಿಯುತ್ತದೆ. ಅನ್ನದ ವಾಸನೆ ಬೀಡಿಂಗ್ ಸಂದಿಯಿಂದ ಬರತೊಡಗಿದ ಮೇಲೆ ಇನ್ನೊಂದು ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಗೆ ದಪ್ಪ ಬಟ್ಟೆ ಇರಲಿ. ನೋಡಲು ಸಾಧುವಾಗಿ ಕಂಡರೂ ಡಬ್ಬಿ ಚುರ್ ಅನ್ನಿಸುತ್ತದೆ.

ಕನ್ನಡಿ ಹೊಂದಿಸುವುದಕ್ಕೆ ಸೂತ್ರ ಏನೂ ಇಲ್ಲ. ಕನ್ನಡಿಯಿಂದ ಬಿದ್ದ ಬೆಳಕಿನ ಚೌಕ ಗಾಜಿನ ತುಂಬ ಹರಡಬೇಕು. ಪೆಟ್ಟಿಗೆಯಾಚೆ ಗೋಡೆ ಮೇಲೆ ಬಿದ್ದರೆ ಅಷ್ಟೂ ವ್ಯರ್ಥ. ಗಂಟೆಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆ ಸ್ವಲ್ಪ ತಿರುಗಿಸಿ. ನೀರಿನ ಟ್ಯಾಂಕ್‌ನ ನೆರಳು ಎಲ್ಲಿಗೆ ಸರಿಯುತ್ತದೆ ಅಂತ ಒಂದು ದಿನ ನೋಡಿಟ್ಟುಕೊಂಡು ಜಾಗ ಆರಿಸಿ.

ತುಂಗಭದ್ರಾ_ಬಯಲು
ರಾಯಚೂರಿನವರು ನಾವು. ಬಿಸಿಲಿಗೆ ಬರ ಇಲ್ಲ! ನಮ್ಮಲ್ಲಿ ಅನ್ನ ಬೇಳೆಗಿಂತ ಹುರಿಯೋದಕ್ಕೇ ಇದು ಜಾಸ್ತಿ ಬಳಕೆ. ಶೇಂಗಾ ತಟ್ಟೆಯಲ್ಲಿ ತೆಳುವಾಗಿ ಹರಡಿ, ಮುಚ್ಚಳ ಇಲ್ಲದೆ ಇಡಿ. ಸೀಯೋದೇ ಇಲ್ಲ, ಸಿಪ್ಪೆ ಉಜ್ಜಿದರೆ ಉದುರುತ್ತದೆ. ಚಟ್ನಿಪುಡಿಗೆ ಒಣಮೆಣಸಿನಕಾಯಿ, ಕೊಬ್ಬರಿ, ಕರಿಬೇವು ಎಲ್ಲ ಗರಿಗರಿ ಆಗುತ್ತವೆ, ಮನೆಯೊಳಗೆ ಘಾಟು ಇಲ್ಲ. ಹುಳ ಬೀಳೋ ರವೆಯನ್ನೂ ಬಿಸಿ ಮಾಡಿ ಆರಿಸಿ ಡಬ್ಬಿಗೆ ಹಾಕಿಡುತ್ತೇವೆ.

ಗೆಣಸು ಇಟ್ಟು ನೋಡಿ ಒಮ್ಮೆ. ಸಿಪ್ಪೆ ಸಮೇತ, ನೀರಿಲ್ಲದೆ. ಕುದಿಸಿದ ಗೆಣಸಿಗಿಂತ ಎಷ್ಟೋ ಸಿಹಿ.

ಭೌತಮೇಷ್ಟ್ರು_ಧಾರವಾಡ
ಗೆಣಸಿನ ಸಿಹಿಗೆ ಕಾರಣ ಇದೆ. ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಸುಮಾರು 60ರಿಂದ 75 ಡಿಗ್ರಿ ನಡುವೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಆ ಹಂತ ಬೇಗ ದಾಟಿಹೋಗುತ್ತದೆ, ಕಿಣ್ವ ಸತ್ತೇ ಹೋಗುತ್ತದೆ. ಈ ಪೆಟ್ಟಿಗೆಯಲ್ಲಿ ಬಿಸಿ ನಿಧಾನವಾಗಿ ಏರುತ್ತದೆ, ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಪಥ್ಯದಡುಗೆ
ನಾನು ಡಯಟಿಷಿಯನ್. ಇದೇ ನಿಧಾನದ ಇನ್ನೊಂದು ಮುಖವನ್ನೂ ಹೇಳಬೇಕು. ರಾಜ್ಮಾವನ್ನು ನೇರವಾಗಿ ಸೋಲಾರ್ ಕುಕ್ಕರಿಗೆ ಹಾಕಲೇಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷ ಇದೆ, ವಾಂತಿ ಭೇದಿ ಮಾಡಿಸುತ್ತದೆ. 80 ಡಿಗ್ರಿಯಲ್ಲೇ ಮಂದವಾಗಿ ಬೆಂದರೆ ವಿಷ ಹೋಗುವ ಬದಲು ಹೆಚ್ಚಾಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗ್ಯಾಸ್ ಮೇಲೆ ಅರ್ಧ ಗಂಟೆ ಕಳಕಳ ಕುದಿಸಿ. ಆಮೇಲೆ ಬೇಕಾದರೆ ಬಿಸಿಲಿಗಿಡಿ. ಅಷ್ಟು ಮಾಡುವ ಹೊತ್ತಿಗೆ ಕುಕ್ಕರ್ ಕೂಗಿಸುವುದೇ ಸುಲಭ ಅಲ್ವಾ? ತೊಗರಿ, ಹೆಸರುಬೇಳೆಗೆ ಈ ತೊಂದರೆ ಇಲ್ಲ.

ಇನ್ನೊಂದು ಮಾತು. ಅರ್ಧ ಬೆಂದಾಗ ಮೋಡ ಕವಿದರೆ "ಬಿಸಿಲು ಬರುತ್ತೆ" ಅಂತ ಕಾಯುತ್ತಾ ಕೂರಬೇಡಿ. ಉಗುರುಬೆಚ್ಚಗಿರುವ ಅನ್ನ ಬೇಳೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಒಳಗೆ ತಂದು ಗ್ಯಾಸ್ ಮೇಲೆ ಮುಗಿಸಿಬಿಡಿ. ಬೆಂದ ಅಡುಗೆಯನ್ನು ಸಂಜೆವರೆಗೆ ಪೆಟ್ಟಿಗೆಯಲ್ಲೇ ಬಿಡುವುದೂ ಬೇಡ. ಅಲ್ಯೂಮಿನಿಯಂ ಡಬ್ಬಿಯಲ್ಲಿ ಹುಳಿ ಪದಾರ್ಥವೂ ಬೇಡ, ಅದಕ್ಕೆ ಸ್ಟೀಲ್ ಡಬ್ಬಿಗೆ ಹೊರಗಿನಿಂದ ಕಪ್ಪು ಬಳಿದುಕೊಳ್ಳಿ.

ಕಡಲತಡಿ_ಕುಂದಾಪ್ರ
ನಮ್ಮ ಕಡೆ ಇದರ ಆಸೆ ಬಿಟ್ಟು ಬಹಳ ಕಾಲ ಆಯಿತು. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಅದು ಬಿಡಿ. ಉಳಿದ ತಿಂಗಳಲ್ಲೂ ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿ ಅನ್ನವೇ ಬೇಕು. ಅದು ಪೆಟ್ಟಿಗೆಯಲ್ಲಿ ಬೇಯುವಷ್ಟರಲ್ಲಿ ಹಸಿವು ಹಾರಿಹೋಗಿರುತ್ತದೆ. ನಮ್ಮಲ್ಲಿ ಹಲವರು ಥರ್ಮಲ್ ಕುಕ್ಕರ್ ಇಟ್ಟುಕೊಂಡಿದ್ದಾರೆ. ಗ್ಯಾಸ್ ಮೇಲೆ ಒಂದು ಹದ ಕುದಿಸಿ ಆ ಡಬ್ಬದೊಳಗೆ ಇಳಿಸಿ ಮುಚ್ಚಿದರೆ ಉಳಿದದ್ದು ತನ್ನಷ್ಟಕ್ಕೆ ಬೇಯುತ್ತದೆ. ಬಿಸಿಲೂ ಬೇಡ, ತಾರಸಿ ಹತ್ತುವುದೂ ಬೇಡ.

ಇಂಡಕ್ಷನ್_ಸಾಕು
ಎಲ್ಲರೂ ನನ್ನ ಮಾತಿಗೇ ಬರುತ್ತಿದ್ದೀರಿ. ನಿಧಾನ, ಬಿಸಿಲಲ್ಲಿ ಓಡಾಟ, ರಾಜ್ಮಾ ಆಗಲ್ಲ, ದೋಸೆ ಆಗಲ್ಲ, ಚಪಾತಿ ಆಗಲ್ಲ, ಒಗ್ಗರಣೆಗೂ ಗ್ಯಾಸ್ ಹಚ್ಚಲೇಬೇಕು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಕರೆಂಟ್ ಫ್ರೀ ಇರುವಾಗ ಇಂಡಕ್ಷನ್ ಒಲೆ ಮೇಲೆ ಇಟ್ಟರೆ ಹತ್ತು ನಿಮಿಷದ ಕೆಲಸ. ಬಿಸಿಲೇ ಬೇಕು ಅಂದರೆ ತಾರಸಿ ಮೇಲೆ ಪ್ಯಾನೆಲ್ ಹಾಕಿಸಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಇಂಡಿಯನ್ ಆಯಿಲ್‌ನವರು ಸೂರ್ಯ ನೂತನ್ ಅಂತ ಒಲೆ ತಂದರು. ಹೊರಗೆ ಪ್ಯಾನೆಲ್, ಒಳಗೆ ಒಲೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಅದರ ಎರಡು ಬರ್ನರ್ ಮಾದರಿ ತೋರಿಸಿದರು. ಕಾಲ ಆ ಕಡೆ ಹೋಗಿದೆ. ಕನ್ನಡಿ ಪೆಟ್ಟಿಗೆ ಮ್ಯೂಸಿಯಮ್ಮಿಗೆ.

ಭೌತಮೇಷ್ಟ್ರು_ಧಾರವಾಡ
ತಮ್ಮಾ, ಗೃಹಜ್ಯೋತಿ ಎಲ್ಲರಿಗೂ 200 ಕೊಡುವುದಿಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಕೊಡುತ್ತಾರೆ. ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ ಸಿಗುವುದು 66. ಇಂಡಕ್ಷನ್ನಿನಲ್ಲಿ ಮಧ್ಯಾಹ್ನದ ಅಡುಗೆಗೆ ದಿನಕ್ಕೆ ಮುಕ್ಕಾಲು ಯೂನಿಟ್ ಹಿಡಿದರೂ ತಿಂಗಳಿಗೆ 20 ಯೂನಿಟ್ ದಾಟುತ್ತದೆ. ಅದಕ್ಕೆ ದುಡ್ಡು ಕಟ್ಟಬೇಕು.

ಆದರೆ ಕುಕ್ಕರ್ ಪರ ಇರುವವರೂ ಲೆಕ್ಕ ಉಬ್ಬಿಸಬಾರದು. ವರ್ಷಕ್ಕೆ ಮೂರು ನಾಲ್ಕು ಸಿಲಿಂಡರ್ ಉಳಿಯುತ್ತದೆ ಅನ್ನುವ ಮಾತು ಹಿಂದಿನಿಂದಲೂ ಓಡಾಡುತ್ತಿದೆ. ನನಗೆ ಅದು ಜಾಸ್ತಿ ಅನ್ನಿಸುತ್ತದೆ. ಸಣ್ಣ ಸಂಸಾರದ ಮಧ್ಯಾಹ್ನದ ಅನ್ನ, ಬೇಳೆ, ತರಕಾರಿಗೆ 2 ಮೆಗಾಜೂಲ್ ಶಾಖ ಸಾಕು. ಗ್ಯಾಸ್ ಒಲೆಯಲ್ಲಿ ಮೂರನೇ ಒಂದು ಭಾಗ ಹಾಗೇ ಹೋಗುತ್ತದೆ, ಆದ್ದರಿಂದ 3 ಮೆಗಾಜೂಲ್ ಅನ್ನಿ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 46 ಮೆಗಾಜೂಲ್. ಅಂದರೆ ಊಟಕ್ಕೆ 65 ಗ್ರಾಂ ಗ್ಯಾಸ್. ವರ್ಷದಲ್ಲಿ 200 ದಿನ ಬಳಸಿದರೆ 13 ಕಿಲೋ. 14.2 ಕಿಲೋದ ಒಂದು ಸಿಲಿಂಡರ್, ಅಷ್ಟೇ. ದೊಡ್ಡ ಸಂಸಾರಕ್ಕೆ ಇನ್ನಷ್ಟು. ಹೊಸದಾಗಿ ಸಾವಿರಾರು ಕೊಟ್ಟು ಕೊಳ್ಳುವವರು ಇದನ್ನು ಯೋಚಿಸಲಿ. ಅಟ್ಟದಲ್ಲಿ ಸಿಕ್ಕಿದವರಿಗೆ ಏನು ನಷ್ಟ?

ಮ್ಯೂಸಿಯಂ ಮಾತಿಗೆ ಬಂದರೆ, ಪೆಟ್ಟಿಗೆಯೊಳಗೆ ಬಿಸಿಲು ಹಿಡಿಯುವ ವಿದ್ಯೆ ನಿಜಕ್ಕೂ ಹಳೆಯದು. 1767ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಅನ್ನುವ ವಿಜ್ಞಾನಿ ಗಾಜಿನ ಪೆಟ್ಟಿಗೆಯ ಪ್ರಯೋಗ ಶುರುಮಾಡಿ, ಆಮೇಲೆ ನೀರು ಕುದಿಯುವುದಕ್ಕೂ ಮೀರಿದ ಬಿಸಿ ಕಂಡಿದ್ದ. 1870ರ ದಶಕದಲ್ಲಿ ವಿಲಿಯಂ ಆಡಮ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ ಬಾಂಬೆಯಲ್ಲಿ ಎಂಟು ಮುಖದ ಕನ್ನಡಿ ಒಲೆ ಮಾಡಿದ್ದ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ 1950ರ ದಶಕದಲ್ಲಿ ದೊಡ್ಡ ತಟ್ಟೆಯಂಥ ಕುಕ್ಕರ್ ತಂದಿತು, ಜನ ಕೊಳ್ಳಲಿಲ್ಲ.

ಕೋಟೆಬಿಸಿಲು
ಯಾಕೆ ಕೊಳ್ಳಲಿಲ್ಲ ಅನ್ನುವುದಕ್ಕೆ ನನ್ನದೊಂದು ಉತ್ತರ ಇದೆ ಮೇಷ್ಟ್ರೇ. ಬಿಸಿಲಿನ ಅಡುಗೆ ಆಗುವುದು ಮಧ್ಯಾಹ್ನ ಒಂದಕ್ಕೆ. ನಮ್ಮ ಮನೆಗಳಲ್ಲಿ ಊಟದ ಡಬ್ಬಿ ಹೊರಡುವುದು ಬೆಳಿಗ್ಗೆ ಎಂಟಕ್ಕೆ. ಹೊಲಕ್ಕೆ ಹೋಗುವವರ ಬುತ್ತಿಯೂ ಬೆಳಿಗ್ಗೆಯೇ ಕಟ್ಟಬೇಕು. ರಾತ್ರಿ ಊಟಕ್ಕೆ ಸೂರ್ಯನೇ ಇಲ್ಲ. ಹಾಗಾದರೆ ಒಂದು ಗಂಟೆಗೆ ಬಿಸಿ ಅನ್ನ ತಿನ್ನುವವರು ಯಾರು? ಮನೆಯಲ್ಲಿ ಉಳಿದ ಹೆಂಗಸರು, ವಯಸ್ಸಾದವರು. ಅವರಿಗೋ ಬೆಳಿಗ್ಗೆಯ ಅಡುಗೆಯಲ್ಲೇ ಪಾಲು ಉಳಿದಿರುತ್ತದೆ. ಎಷ್ಟು ಡಿಗ್ರಿ, ಎಷ್ಟು ಸಬ್ಸಿಡಿ ಅಂತ ಚರ್ಚೆ ಆಗುತ್ತದೆ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಅಂತ ಕೇಳಿದವರು ಕಡಿಮೆ.

ಅದಕ್ಕೇ ನಾನು ಎಲ್ಲರಿಗೂ ತಗೊಳ್ಳಿ ಅನ್ನುವುದಿಲ್ಲ. ಕುಕ್ಕರಹಳ್ಳಿ ಅಕ್ಕನ ಮನೆಗೆ ಸರಿ, ಮೂರೂ ಜನ ಹಗಲು ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಫ್ಲಾಟಿಗೆ ಸುಮ್ನೆ ಕೊಂಡು ಏನು ಪ್ರಯೋಜನ? ತಾರಸಿ ಬೀಗ ಬೇರೆ ಅಸೋಸಿಯೇಷನ್ ಹತ್ತಿರ ಇರುತ್ತದೆ.

ಇಂಡಕ್ಷನ್_ಸಾಕು
ಇದಕ್ಕೆ ಲೈಕ್ ಒತ್ತಿದ್ದೇನೆ. ಸೋತೆ ಅಂತಲ್ಲ.

ಮರುಭೂಮಿ_ಕನ್ನಡಿಗ
ಅಮೆರಿಕದ ಅರಿಜೋನಾದಿಂದ. ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ. ಒಳಗೆ ಓವನ್ ಹಚ್ಚಿದರೆ ಎಸಿ ಒದ್ದಾಡುತ್ತದೆ. ಹಾಗಾಗಿ ಸೋಲಾರ್ ಓವನ್ ಇಟ್ಟುಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ನನ್ನದರಲ್ಲಿ ಕೇಕ್, ಬ್ರೆಡ್, ಬದನೆಕಾಯಿ ಸುಟ್ಟು ಎಣ್ಣೆಗಾಯಿ ಹದ ಮಾಡುವುದು ಎಲ್ಲ ನಡೆಯುತ್ತದೆ. ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ 33 ಡಿಗ್ರಿ ಅಕ್ಷಾಂಶ. ಡಿಸೆಂಬರ್ ನಡುಹಗಲಲ್ಲೂ ಸೂರ್ಯ ಕೆಳಗೇ ಇರುತ್ತಾನೆ, ಓವನ್ನನ್ನೇ ಓರೆ ಮಾಡಿ ಇಡಬೇಕು. ನಿಮ್ಮಲ್ಲಿ ಡಿಸೆಂಬರಿನಲ್ಲೂ 50 ಡಿಗ್ರಿಗಿಂತ ಮೇಲೆ ಏರುತ್ತಾನೆ, ಏಪ್ರಿಲ್ ಕೊನೆಗೆ ನೆತ್ತಿ ಮೇಲೆ. ಪೆಟ್ಟಿಗೆ ಮಲಗಿಸಿಟ್ಟರೂ ಸಾಕು. ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು.

ಹಾಸ್ಟೆಲ್_ವಾರ್ಡನ್
ನಮ್ಮ ಹಾಸ್ಟೆಲಿನಲ್ಲಿ ದಿನಕ್ಕೆ ನೂರಾರು ಜನರ ಅಡುಗೆ. ಛತ್ರಿ ತರಹದ ಡಿಶ್ ಕುಕ್ಕರ್ ಬಗ್ಗೆ ಯಾರಿಗಾದರೂ ಗೊತ್ತಾ?

ಭೌತಮೇಷ್ಟ್ರು_ಧಾರವಾಡ
ಸಣ್ಣ ಡಿಶ್ 1.4 ಮೀಟರ್ ಅಗಲ ಇರುತ್ತದೆ, ಒಳ್ಳೆ ಬಿಸಿಲಲ್ಲಿ ಸುಮಾರು 600 ವಾಟ್ ಕೊಡುತ್ತದೆ. ಅದರಲ್ಲಿ ಒಗ್ಗರಣೆಯೂ ಆಗುತ್ತದೆ, ಪ್ರೆಷರ್ ಕುಕ್ಕರೂ ಕೂಗುತ್ತದೆ. ಆದರೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ತಿರುಗಿಸಬೇಕು, ನಡುವಿನ ಬೆಳಕಿಗೆ ಕಣ್ಣು ಕೊಡಬಾರದು, ಕೆಲಸ ಮುಗಿದ ಮೇಲೆ ಗೋಣಿಚೀಲ ಹೊದಿಸಬೇಕು. ಮಕ್ಕಳು ಓಡಾಡುವ ಕಡೆ ಬೇಡವೇ ಬೇಡ. ನೂರಾರು ಜನಕ್ಕೆ ಅದು ಸಾಲುವುದೂ ಇಲ್ಲ.

ನಿಮಗೆ ಬೇಕಾಗಿರುವುದು ಆವಿ. ಶೆಫ್ಲರ್ ಡಿಶ್‌ಗಳು ಬಿಸಿಲನ್ನು ಒಂದು ಕಡೆ ಸೇರಿಸಿ ನೀರನ್ನು ಆವಿ ಮಾಡುತ್ತವೆ, ಪೈಪಿನಲ್ಲಿ ಅದು ಅಡುಗೆಮನೆಗೆ ಬರುತ್ತದೆ. ಅಡುಗೆಯವರು ನೆರಳಲ್ಲೇ ನಿಂತಿರುತ್ತಾರೆ. ತಿರುಮಲದಲ್ಲಿ 2002ರಲ್ಲಿ 106 ಡಿಶ್, ಶಿರಡಿಯಲ್ಲಿ 2009ರಲ್ಲಿ 73 ಡಿಶ್ ಹಾಕಿದರು. ಪುದುಚೇರಿ ಹತ್ತಿರದ ಆರೋವಿಲ್‌ನದು ಬೇರೆ ಬಗೆ. ಅಲ್ಲಿ ಚಾವಣಿ ಮೇಲೆ 15 ಮೀಟರ್ ಅಗಲದ ಕನ್ನಡಿ ಬೋಗುಣಿ ಇದೆ. ಬೋಗುಣಿ ಅಲುಗುವುದಿಲ್ಲ, ಮೇಲಿನ ಆವಿ ಕೊಳವೆ ಸೂರ್ಯನ ಜೊತೆ ತಿರುಗುತ್ತದೆ. ಎಲ್ಲ ಕಡೆಯೂ ಮೋಡದ ದಿನಕ್ಕೆ ಬಾಯ್ಲರ್ ಜೊತೆಗಿರುತ್ತದೆ. ದುಡ್ಡು ಹಾಕುವ ಮೊದಲು ಒಂದು ಅಡುಗೆಮನೆಗಾದರೂ ಹೋಗಿ, ಡಿಶ್ ಒರೆಸುವ ಹುಡುಗರನ್ನೇ ಮಾತಾಡಿಸಿ. ಧೂಳು ಕೂತರೆ ಆವಿ ಕಡಿಮೆ ಅಂತ ಮೊದಲು ಗೊತ್ತಾಗುವುದು ಅವರಿಗೆ.

ಕುಕ್ಕರಹಳ್ಳಿ_ದಂಡೆ
ಗಾಜು, ಬೀಡಿಂಗ್, ಬಣ್ಣ ಎಲ್ಲ ಆಯಿತು. ಇವತ್ತು ಹತ್ತೂಕಾಲಿಗೆ ಬೇಳೆ, ಹನ್ನೊಂದಕ್ಕೆ ಅನ್ನ, ಪಕ್ಕದಲ್ಲಿ ಗೆಣಸು. ಒಂದು ಗಂಟೆಗೆ ತೆಗೆದೆವು. ಅನ್ನ ಉದುರುದುರು, ಬೇಳೆ ಸೌಟಿಗೇ ಮಸೆದುಹೋಯಿತು. ಒಗ್ಗರಣೆ ಮಾತ್ರ ಗ್ಯಾಸ್ ಮೇಲೆ. ಯಜಮಾನರು ಎರಡನೇ ಸಲ ಹಾಕಿಸಿಕೊಂಡರು, ಏನೂ ಹೇಳಲಿಲ್ಲ. ಅತ್ತೆಯೂ ಏನೂ ಹೇಳಲಿಲ್ಲ, ಮಗನ ಮುಖ ನೋಡುತ್ತಿದ್ದರು.

ಈಗ ಹೊಸ ಸಮಸ್ಯೆ. ಗೆಣಸಿನ ವಾಸನೆಗೆ ಕೋತಿ ಬಂದು ಗಾಜಿನ ಮೇಲೆ ಕೂರುತ್ತಿದೆ!

ತುಂಗಭದ್ರಾ_ಬಯಲು
ಮುಚ್ಚಳಕ್ಕೆ ಸಣ್ಣ ಚಿಲಕ ಹಾಕಿಸಿ. ಪೆಟ್ಟಿಗೆ ಮೇಲೆ ಕೋಳಿ ಬಲೆಯ ಗೂಡು ಮಾಡಿಸಿದರೆ ಇನ್ನೂ ಭದ್ರ, ಕಣ್ಣು ದೊಡ್ಡದಿರುವ ಬಲೆ ತಗೊಳ್ಳಿ, ನೆರಳು ಕಡಿಮೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಗ್ಲಾಸ್‌ವೂಲ್ ಒದ್ದೆಯಾಗದ ಹಾಗೆ ಒಳಗೆ ತಂದಿಡಿ. ಮತ್ತೆ ಅಟ್ಟಕ್ಕೆ ಹಾಕುವ ಮುಂಚೆ ಒಳಗೆ ನಾಲ್ಕು ಬೇವಿನ ಸೊಪ್ಪಿನ ಕಡ್ಡಿ, ಇಲ್ಲದಿದ್ದರೆ ಜಿರಲೆ ಸಂಸಾರ ಹೂಡುತ್ತವೆ.

ಕೋಟೆಬಿಸಿಲು
ಕೋತಿ ಇರುವ ಕಡೆ ಗೆಣಸು, ಬಾಳೆಹಣ್ಣು ಇಡಬೇಡಿ ಅಕ್ಕ. ಬರೀ ಬೇಳೆ ಅನ್ನದ ವಾಸನೆಗೆ ನಮ್ಮೂರಿನವು ಬರುವುದಿಲ್ಲ. ಮೈಸೂರಿನವು ಹೇಗೋ ನೋಡಿ ಹೇಳಿ.